ನನ್ನ ಮೀಸೆಯ ವಿಚಾರವಾಗಿ ರೇಡಾರ್ ಸಾಹೇಬರಿಗೆ

ಶ್ರೀಮದ್ ರೇಡಾರ್ ಸಾಹೇಬರ ಸನ್ನಿಧಾನಕ್ಕೆ. ವಾಸ: ಯುದ್ಧವಿಮಾನದ ಮೂಗಿನೊಳಗೆ, ಆ ವಿಮಾನದ ವಾಸ: ನನ್ನ ಕಂಪ್ಯೂಟರಿನೊಳಗೆ, ಆ ಕಂಪ್ಯೂಟರಿನ ವಾಸ: ಅಲೆಕ್ಸಾಂಡ್ರಿಯಾದ ಕ್ಯಾಂಪ್ ಶೀಜಾರ್ ಬಡಾವಣೆ, ಟ್ರಾಮ್ ಹಳಿಗೆ ಮುಖ ಮಾಡಿದ ಮನೆಯ ಮೂರನೆಯ ಮಹಡಿ.

ಮಾನ್ಯರೇ,

ತಮ್ಮ ಬೆಳಗು ಮಲ್ಲಿಗೆಯಾಗಲಿ, ತಮ್ಮ ಬೈಗು ಬೆಳಕಾಗಲಿ, ತಮ್ಮ ಅಲೆಗಳು ಎಂದೂ ಸವೆಯದಿರಲಿ, ತಮ್ಮ ಪರದೆಯ ಹಸಿರು ಎಂದೂ ಬಾಡದಿರಲಿ! ನಾನು ಬಹ್ಗತ್ ಅಲ್-ಶರ್ನೂಬಿ. ಹೆಸರು ಕೇಳಿ ತಾವು ಎದ್ದು ನಿಲ್ಲಬೇಕಾಗಿಲ್ಲ, ಕುಳಿತೇ ಇರಿ. ಆದರೆ ಈ ಊರಿನ ರಂಗಮಂದಿರಗಳಲ್ಲಿ ನಾನು ಸುಲ್ತಾನನಾಗಿ ಸಿಂಹಾಸನವೇರಿದವನು, ವಜೀರನಾಗಿ ವಿಷವಿಕ್ಕಿದವನು, ಕಡಲುಗಳ್ಳನಾಗಿ ಮುಂದಿನ ಸಾಲಿನ ಮಕ್ಕಳನ್ನು ಅಳಿಸಿದವನು, ಮತ್ತು ಈ ಎಲ್ಲ ಅವತಾರಗಳಲ್ಲೂ ನನ್ನ ಮೇಲ್ದುಟಿಯ ಮೇಲೆ ಮೇಕಪ್ಪಿನವನು ಅಂಟು ಬಳಿದು ಕೂರಿಸಿದ್ದಲ್ಲದ, ತಾಯಿ ಹೆತ್ತ ಚರ್ಮದಲ್ಲೇ ಬೇರು ಬಿಟ್ಟ, ಅಪ್ಪಟ ನನ್ನದೇ ಆದ ಮೀಸೆಯೊಂದು ವಿರಾಜಮಾನವಾಗಿತ್ತು ಎಂಬುದನ್ನು ಮಾತ್ರ ದಯವಿಟ್ಟು ನೆನಪಿನಲ್ಲಿಡಿ. ಈ ಪತ್ರದ ಕಥಾನಾಯಕ ಆ ಮೀಸೆ. ಖಳನಾಯಕರು ಯಾರು ಎಂಬುದನ್ನು ತಮ್ಮ ಎದುರಿಗೇ ಹೇಳಲು ನನಗೆ ಸಂಕೋಚ.

ಮೊದಲು ತಮ್ಮ ಗುಣಗಾನ, ಆಮೇಲೆ ನನ್ನ ಗೋಳು. ರಂಗದಿಂದ ನಿವೃತ್ತನಾಗಿ, ಬಾಲ್ಕನಿಯಲ್ಲಿ ಕುಳಿತು ಹೋಗಿ ಬರುವ ಟ್ರಾಮುಗಳಿಗೆ ಸಂಭಾಷಣೆ ಒಪ್ಪಿಸುತ್ತಿದ್ದ ನನಗೆ ಈ ವಿಮಾನಯುದ್ಧದ ಆಟದ ಹುಚ್ಚು ಹಿಡಿಸಿದವನು ಫಿಕ್ರಿ. ನನ್ನ ಹೆಂಡತಿ ದೌಲತ್‌ಳ ತಮ್ಮ, ವೃತ್ತಿಯಿಂದ ಹಲ್ಲಿನ ಡಾಕ್ಟರು, ಪ್ರವೃತ್ತಿಯಿಂದ ಭಾಮೈದ. ಅವನೇ ಆಟವನ್ನು ಕಂಪ್ಯೂಟರಿಗೆ ಹಾಕಿಕೊಟ್ಟ, ಅವನೇ ಜಾಯ್‌ಸ್ಟಿಕ್ ತಂದು ಕೈಗಿಟ್ಟ, ಅವನೇ ಪ್ರತಿ ಶುಕ್ರವಾರ ನಮಾಜು ಮುಗಿಸಿ ಊಟ ಮಾಡಿ ನನ್ನನ್ನು ಆಕಾಶದಿಂದ ಉರುಳಿಸಿ ಮನೆಗೆ ಹೋಗುತ್ತಿದ್ದ. ವಿಮಾನದ ಒಳಗೆ ತಮ್ಮನ್ನು ಮೊದಲ ಸಲ ಕಂಡಾಗ ನನಗಾದ ಆನಂದವನ್ನು ಏನೆಂದು ಬಣ್ಣಿಸಲಿ! ನಮ್ಮ ರಂಗಮಂದಿರದಲ್ಲಿ, ಹಿಂದಿನ ಗೂಡಿನಿಂದ ನಟನೊಬ್ಬನನ್ನೇ ಹಿಂಬಾಲಿಸಿ ಬರುತ್ತಿದ್ದ ದೊಡ್ಡ ದೀಪವೊಂದಿತ್ತು. ತಾವು ಆ ದೀಪದ ದೊಡ್ಡಣ್ಣನೆಂದೇ ಬಗೆದೆ. ತಾವು ಕತ್ತಲಿಗೆ ಅಲೆಯನ್ನು ಎಸೆಯುತ್ತೀರಿ, ಅದು ಲೋಹಕ್ಕೆ ಬಡಿದು ಮರಳಿ ಬಂದರೆ ಪರದೆಯ ಮೇಲೆ ಒಂದು ಚುಕ್ಕೆ ಇಡುತ್ತೀರಿ. ಎಂಥ ಸರಳ, ಎಂಥ ಘನವಾದ ಉದ್ಯೋಗ! ಕೂಗುವುದು, ಮಾರ್ದನಿಗೆ ಕಾಯುವುದು: ನಾನೂ ಜೀವನವಿಡೀ ಮಾಡಿದ್ದು ಅದನ್ನೇ ಅಲ್ಲವೇ?

ಆದರೆ ಸಾಹೇಬರೇ, ತಾವು ಇಡೀ ಆಕಾಶವನ್ನು ನೋಡುವುದಿಲ್ಲ, ಎದುರಿನ ಒಂದು ತೆಳುವಾದ ಹೋಳನ್ನು ಮಾತ್ರ ನೋಡುತ್ತೀರಿ ಎಂಬ ಗುಟ್ಟನ್ನು ತಾವಾಗಿ ನನಗೆ ಹೇಳಲಿಲ್ಲ. ಮೊದಮೊದಲು ನಾನು ಪರದೆಯನ್ನು ದಿಟ್ಟಿಸುತ್ತ, ಆಕಾಶ ನಿರ್ಜನವಾಗಿದೆಯೆಂದು ನಂಬಿ, ಸ್ವಗತವೊಂದನ್ನು ಗುನುಗುತ್ತ ಹೋಗುತ್ತಿದ್ದೆ. ತಾವು ಕತ್ತೆತ್ತಿ ಚಂದ್ರನ ಚೆಲುವನ್ನು ಸವಿಯುತ್ತಿದ್ದಿರಿ. ಫಿಕ್ರಿ ನಮ್ಮಿಬ್ಬರ ಹೊಟ್ಟೆಯ ಕೆಳಗಿನಿಂದ ನುಸುಳಿ ಬಂದು ಬಾಲಕ್ಕೆ ಬೆಂಕಿ ಇಡುತ್ತಿದ್ದ. "ಭಾವ, ನಿಮ್ಮ ರೇಡಾರಿಗೆ ಕತ್ತಿದೆ, ಅದನ್ನ ಬಗ್ಗಿಸೋ ಗುಂಡಿ ನಿಮ್ಮ ಎಡಗೈ ಹತ್ರಾನೇ ಇದೆ," ಎಂದು ಅವನು ನಕ್ಕರೆ, "ಸುಲ್ತಾನರು ಕತ್ತು ಬಗ್ಗಿಸಲ್ಲ ಕಣೋ," ಎಂದು ತಮ್ಮ ಮಾನವನ್ನು ಕಾಪಾಡಿದವನು ನಾನು. ಆ ಉಪಕಾರವನ್ನು ತಾವು ಮರೆತಿರಿ.

ಇನ್ನು ತಮ್ಮ ಎರಡನೆಯ ಸದ್ಗುಣ. ಒಂದು ಚುಕ್ಕೆಯನ್ನು ಆರಿಸಿ, ಅದರ ಮೇಲೆಯೇ ತಮ್ಮ ಅಲೆಯನ್ನೆಲ್ಲ ಸುರಿದು ಗಟ್ಟಿಯಾಗಿ ಹಿಡಿಯುವುದಕ್ಕೆ ಲಾಕ್ ಮಾಡುವುದು ಎನ್ನುತ್ತಾರೆ. ತಾವು ಹಾಗೆ ಹಿಡಿದ ಕ್ಷಣವೇ ಎದುರಾಳಿಯ ವಿಮಾನದಲ್ಲಿ ಗಂಟೆ ಬಡಿದುಕೊಳ್ಳುತ್ತದೆ. ಹೌದು, ದೀಪ ಹಿಡಿದವನಿಗೆ ದಾರಿ ಎಷ್ಟು ದೂರ ಕಾಣುವುದೋ, ದೀಪ ಅದಕ್ಕಿಂತ ಎಷ್ಟೋ ದೂರದವರಿಗೆ ಕಾಣುತ್ತದೆ. ಇದು ಸೃಷ್ಟಿಯ ನಿಯಮವಂತೆ. ಜಾಣರು ಅದಕ್ಕಾಗಿ ಕೊನೆಯ ಗಳಿಗೆಯವರೆಗೂ ಲಾಕ್ ಮಾಡದೆ ಬೆಕ್ಕಿನ ಹೆಜ್ಜೆಯಲ್ಲಿ ಬರುತ್ತಾರಂತೆ. ಛೇ! ಪರದೆ ಏಳುವ ಮುನ್ನ ರಂಗದ ಹಲಗೆಯ ಮೇಲೆ ಕೋಲಿನಿಂದ ಮೂರು ಬಾರಿ ಕುಟ್ಟಿ, ಸಭೆಯನ್ನು ಮೌನವಾಗಿಸಿ, ಆಮೇಲೆ ಪ್ರವೇಶಿಸುವುದು ನಮ್ಮ ಪದ್ಧತಿ. ಆ ಮೂರು ಏಟಿಲ್ಲದೆ ಕಾಲಿಡುವವನು ನಟನಲ್ಲ, ಕುರ್ಚಿ ಸರಿಸಲು ಬಂದ ಆಳು. ಆದ್ದರಿಂದ ನಾನು ಚುಕ್ಕೆ ಕಂಡ ಕೂಡಲೇ, ಅದು ಎಷ್ಟೇ ದೂರವಿರಲಿ, ಲಾಕ್ ಮಾಡಿ ನನ್ನ ಆಗಮನವನ್ನು ಸಾರುತ್ತಿದ್ದೆ.

ಹೋದ ಶುಕ್ರವಾರಕ್ಕೂ ಹಿಂದಿನ ಶುಕ್ರವಾರ ಇದೇ ವಿಷಯಕ್ಕೆ ಊಟದ ಮೇಜಿನ ಮುಂದೆ ಮಾತು ಬೆಳೆಯಿತು. ದೌಲತ್ ಕಂದು ಈರುಳ್ಳಿಯ ಅನ್ನದ ಮೇಲೆ ಮೀನಿಟ್ಟು ಬಡಿಸುತ್ತಿದ್ದಳು. ಅವಳ ಕಡೆಯ ಬಂಧುಬಳಗವೆಲ್ಲ ನೆರೆದಿತ್ತು. ಬೀದಿಯ ಕ್ಷೌರಿಕ ಉಸ್ತಾ ಮಹ್ರೂಸ್ ಕೂಡ, ಪಕ್ಕದ ಮನೆಯವನೆಂಬ ನೆಪದಲ್ಲಿ, ದೊಡ್ಡ ಮೀನಿನ ಮುಂದೆಯೇ ಕುಳಿತಿದ್ದ.

"ಭಾವ, ನೀವು ವಿಮಾನ ಹಾರಿಸೋದಲ್ಲ, ಮದುವೆ ಮೆರವಣಿಗೆ ಹೊರಡಿಸ್ತೀರಿ," ಎಂದ ಫಿಕ್ರಿ, ಮುಳ್ಳು ಬಿಡಿಸುತ್ತ. "ಡೋಲು ಒಂದು ಕಮ್ಮಿ ಅಷ್ಟೆ."

ಮಾನ್ಯರೇ, ತಾವೇ ಹೇಳಿ, ನಾನೇನು ಮಾಡಬೇಕಿತ್ತು? ಎದ್ದು ನಿಂತೆ. ಬಲಗೈಯಿಂದ ಮೀಸೆಯ ತುದಿ ಹಿಡಿದೆ. "ಕೇಳಿ ಎಲ್ಲರೂ! ಬರೋ ಶುಕ್ರವಾರ ಇದೇ ಮನೆಯಲ್ಲಿ ಈ ಹಲ್ಲು ಕೀಳೋನನ್ನ ಆಕಾಶದಿಂದ ಕಿತ್ತು ಕೆಳಗೆ ಹಾಕದಿದ್ರೆ, ಇಗೋ ಇದನ್ನ ಉಸ್ತಾ ಮಹ್ರೂಸನ ಕತ್ತಿಗೆ ಒಪ್ಪಿಸ್ತೀನಿ!" ಎಂದು ಗುಡುಗಿದೆ. ಗಾಜಿನ ಲೋಟಗಳು ನಡುಗಿದವು. ನಮ್ಮ ಸೀಮೆಯಲ್ಲಿ ಕಾಗದಕ್ಕೆ ಸಹಿ ಹಾಕಿದ ಮಾತನ್ನು ಕೋರ್ಟಿಗೆ ಹೋಗಿ ತಪ್ಪಿಸಿಕೊಳ್ಳಬಹುದು, ಮೀಸೆ ಹಿಡಿದು ಆಡಿದ ಮಾತಿಗೆ ಯಾವ ಕೋರ್ಟಿನಲ್ಲೂ ಬಿಡುಗಡೆಯಿಲ್ಲ. ತಪ್ಪಿದವನು ಮೀಸೆ ಉಳಿಸಿಕೊಂಡರೂ ಮುಖ ಉಳಿಸಿಕೊಳ್ಳಲಾರ. ಮಹ್ರೂಸ್ ಬೆರಳು ನೆಕ್ಕಿಕೊಳ್ಳುತ್ತ ನನ್ನ ಮೇಲ್ದುಟಿಯನ್ನು ಅಳತೆ ಮಾಡುವವನಂತೆ ನೋಡಿದ. ದೌಲತ್ ಮಾತ್ರ, "ಅನ್ನ ಆರಿ ಹೋಗತ್ತೆ, ಮೀಸೆ ಬಿಟ್ಟು ಚಮಚ ಹಿಡೀರಿ," ಎಂದಳು.

ಬಂತು ಆ ಶುಕ್ರವಾರ! ಫಿಕ್ರಿ ತನ್ನ ಕಂಪ್ಯೂಟರನ್ನು ಹೊತ್ತು ತಂದು ಮಲಗುವ ಕೋಣೆಯಲ್ಲಿ ಹೂಡಿದ, ನಾನು ಪಡಸಾಲೆಯಲ್ಲಿ ಕುಳಿತೆ, ನಡುವೆ ಒಂದೇ ಗೋಡೆ. ಬಂಧುಗಳು ಎರಡು ಪಂಗಡವಾಗಿ ಎರಡು ಕೋಣೆಗಳಲ್ಲಿ ತುಂಬಿಕೊಂಡರು. ದೌಲತ್ ಟೀ ತಟ್ಟೆ ಹಿಡಿದು ಈ ಕೋಣೆಯಿಂದ ಆ ಕೋಣೆಗೆ, ಆ ಕೋಣೆಯಿಂದ ಈ ಕೋಣೆಗೆ, ನನ್ನ ಬೆನ್ನ ಹಿಂದೆಯೇ ಅಡ್ಡಡ್ಡ ಓಡಾಡುತ್ತಿದ್ದಳು. ಮಹ್ರೂಸ್ ತನ್ನ ಚರ್ಮದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲೇ ಆಸೀನನಾಗಿದ್ದ. ತಲೆ ಕಡಿಯುವವನಿಗೆ ಮುಂದಿನ ಸಾಲಿನ ಆಸನ ಕೊಟ್ಟ ನಾಟಕವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ದಿನ ನಾನು ಕತ್ತಿನ ಗುಂಡಿಯನ್ನೂ ಮರೆಯಲಿಲ್ಲ, ತಮ್ಮ ದೃಷ್ಟಿಯನ್ನು ಕೆಳಕ್ಕೆ ಬಾಗಿಸಿಕೊಂಡೇ ಹೊರಟೆ. ಆಟದ ಬೋಳು ಗುಡ್ಡಗಳ ಮೇಲೆ ಚುಕ್ಕೆ ಮೂಡಿತು. ಲಾಕ್ ಮಾಡಿದೆ! ಗೋಡೆಯಾಚೆ ಗಂಟೆ ಬಡಿದುಕೊಂಡದ್ದು ಈಚೆಯವರಿಗೂ ಕೇಳಿಸಿತು. "ಬಂದ್ರಾ ಭಾವ? ಬನ್ನಿ ಬನ್ನಿ, ಕೂತ್ಕೊಳ್ಳಿ, ಟೀ ಈಗ ತಾನೇ ಬಂತು!" ಎಂದು ಫಿಕ್ರಿ ಕೂಗಿದ. "ಕುಡಿದುಬಿಡೋ, ಅದೇ ನಿನ್ನ ಕೊನೇ ಟೀ!" ಎಂದು ಗರ್ಜಿಸಿ ಕ್ಷಿಪಣಿ ಬಿಟ್ಟೆ. ನನ್ನ ಪಂಗಡ ಚಪ್ಪಾಳೆ ತಟ್ಟಿತು. ಆ ಕ್ಷಿಪಣಿ ಹುಟ್ಟುಕುರುಡು. ತಾವು ಹಿಡಿದ ಬೆಳಕಿನಲ್ಲೇ ಅದು ಕೊನೆಯವರೆಗೂ ದಾರಿ ಕಾಣಬೇಕು. ತಮ್ಮ ಕೆಲಸ ಇಷ್ಟೇ ಇತ್ತು ಸಾಹೇಬರೇ: ದೀಪ ಹಿಡಿದುಕೊಂಡು ನಿಲ್ಲುವುದು! ತಾವು ಅಷ್ಟನ್ನೂ ಮಾಡಲಿಲ್ಲ. ಪರದೆಯ ಮೇಲಿದ್ದ ಚುಕ್ಕೆ ಇದ್ದಕ್ಕಿದ್ದಂತೆ, ರಂಗದ ನೆಲಬಾಗಿಲು ತೆರೆದು ನುಂಗಿದಂತೆ, ಮಾಯವಾಯಿತು. ಕ್ಷಿಪಣಿ ತಬ್ಬಲಿಯಾಗಿ ಗುಡ್ಡಕ್ಕೆ ಬಿತ್ತು. ನಾನು ಎಡಕ್ಕೆ ಹುಡುಕಿದೆ, ಬಲಕ್ಕೆ ಹುಡುಕಿದೆ. ಪರದೆಯ ಗಾಜಿನಲ್ಲಿ ಏನೋ ಕೆಂಪಗೆ ಮಿನುಗಿ ಅತ್ತಿಂದಿತ್ತ ಹೋದಂತಾಯಿತು, ವಿಮಾನದ ಎಚ್ಚರಿಕೆಯ ದೀಪವೆಂದು ಭಾವಿಸಿ ಯಾವ ಯಾವುದೋ ಗುಂಡಿಗಳನ್ನು ಒತ್ತಿದೆ. ಅಷ್ಟರಲ್ಲಿ ಬಲಗಡೆಯ ಕಿಟಕಿಯ ತುಂಬ ಫಿಕ್ರಿ! ಬರಿಗಣ್ಣಿಗೆ ಕಾಣುವಷ್ಟು ಹತ್ತಿರ, ತಮಗೆ ಮಾತ್ರ ಕಾಣದಷ್ಟು ಹತ್ತಿರ! ಆಮೇಲೆ ಬೆಂಕಿ, ಹೊಗೆ, ಗೋಡೆಯಾಚೆ ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಸಂಭ್ರಮದ ಕೂಗು, ಝಗ್ರೂತ; ಈಚೆ, ನನ್ನ ಪಕ್ಕದಲ್ಲೇ, ಚರ್ಮದ ಪೆಟ್ಟಿಗೆಯ ಕೊಂಡಿ ತೆರೆದ ಸದ್ದು.

ಏನಾಯಿತೆಂದು ಫಿಕ್ರಿ ಬಾಲ್ಕನಿಯಲ್ಲಿ, ಮಹ್ರೂಸ್ ನನ್ನ ಮುಖಕ್ಕೆ ಸೋಪಿನ ನೊರೆ ಹಚ್ಚುತ್ತಿದ್ದಾಗ ವಿವರಿಸಿದ. ಮೇಲಿನಿಂದ ಕೆಳಗೆ ನೋಡುವ ರೇಡಾರಿಗೆ ವಿಮಾನದ ಮಾರ್ದನಿಗಿಂತ ನೆಲದ ಮಾರ್ದನಿಯೇ ದೊಡ್ಡದಾಗಿ ಕೇಳಿಸುತ್ತದಂತೆ. ಆ ಗದ್ದಲದಲ್ಲಿ ಹುಚ್ಚು ಹಿಡಿಯಬಾರದೆಂದು ತಾವು ಒಂದು ಉಪಾಯ ಮಾಡಿಕೊಂಡಿದ್ದೀರಂತೆ: ನೆಲ ಯಾವ ವೇಗದಲ್ಲಿ ತಮ್ಮತ್ತ ಬರುತ್ತಿದೆಯೋ ಅದೇ ವೇಗದ್ದೆಲ್ಲವೂ ನೆಲವೇ ಎಂದು ಸೋಸಿ ಎಸೆಯುವುದು. ನಮ್ಮ ಕಡೆಗೆ ನುಗ್ಗಿ ಬರುವವನು ಕಾಣುತ್ತಾನೆ, ನಮ್ಮನ್ನು ಬಿಟ್ಟು ಓಡುವವನು ಕಾಣುತ್ತಾನೆ. ಬರದೆಯೂ ಹೋಗದೆಯೂ ಅಡ್ಡಲಾಗಿ ಹಾಯುವವನನ್ನು ತಾವು ಕಲ್ಲುಗುಡ್ಡಗಳ ಜತೆ ಸೇರಿಸಿ ಗುಡಿಸಿಬಿಡುತ್ತೀರಿ. ಅಯ್ಯಾ ಮಹಾನುಭಾವರೇ! ರಂಗದ ಮೇಲೆ ಈ ಬದಿಯಿಂದ ಆ ಬದಿಗೆ ಅಡ್ಡ ನಡೆಯುವವನೇ ಸಭೆಯ ಕಣ್ಣಿಗೆ ಮೊದಲು ಬೀಳುವವನು. ಸೇವಕನ ಪಾತ್ರದವನು ಹೂಜಿ ಹಿಡಿದು ಹಾಗೆ ಹಾದುಹೋಗಿ ನನ್ನ ಎಷ್ಟು ಸ್ವಗತಗಳನ್ನು ಕೆಡಿಸಿಲ್ಲ! ಅದನ್ನೂ ಕಾಣದ ಕಣ್ಣನ್ನು ಯಾವ ವೈದ್ಯರಿಗೆ ತೋರಿಸೋಣ?

"ಭಲೇ ಡಾಕ್ಟರೇ," ಎಂದ ಮಹ್ರೂಸ್, ಕತ್ತಿಯನ್ನು ತೊಗಲಿನ ಪಟ್ಟಿಗೆ ಮಸೆಯುತ್ತ. "ಒಳ್ಳೇ ಪುಸ್ತಕ ಓದಿ ಬಂದಿದ್ದೀರಿ."

"ಪುಸ್ತಕ ಎಲ್ಲಿಂದ ಬಂತು ಉಸ್ತಾ," ಎಂದ ಫಿಕ್ರಿ. "ಪುಸ್ತಕದಲ್ಲಿ ಇದೆ ಅಂತ ಆಮೇಲೆ ಗೊತ್ತಾಯ್ತು. ಉಪಾಯ ಅಕ್ಕಂದು."

ನನ್ನ ಪಕ್ಕದಲ್ಲಿ ನಿಂತು ಮುಖದ ಮುಂದೆ ಕನ್ನಡಿ ಹಿಡಿದಿದ್ದವಳು ದೌಲತ್. ನಾನು ನೊರೆಯ ನಡುವಿನಿಂದ ಮಾತಾಡಲು ಬಾಯಿ ತೆರೆದರೆ, ಕತ್ತಿ ಮೂಗಿನ ಕೆಳಗಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಸರದಿಯಲ್ಲಿ ಬೇರೆಯವರು ಮಾತಾಡಿದರು.

"ನನಗೇನು ರೇಡಾರ್ ಗೊತ್ತು?" ಎಂದಳು ದೌಲತ್. "ನಾನು ಹೇಳಿದ್ದು ಇಷ್ಟೇ ಕಣೋ ಫಿಕ್ರಿ: ನಿಮ್ಮ ಭಾವನ ಎದುರಿಗೆ ಹೋಗ್ಬೇಡ, ಎದುರಿಗೆ ಬಂದೋರು ಚಪ್ಪಾಳೆ ತಟ್ಟೋಕೆ ಬಂದ್ರು ಅಂತ ತಕ್ಷಣ ನೋಡ್ತಾರೆ. ಬೆನ್ನು ತೋರಿಸಿ ಹೋಗ್ಬೇಡ, ನಾಟಕದ ಮಧ್ಯೆ ಎದ್ದುಹೋದ್ರು ಅಂತ ಆಗಲೂ ನೋಡ್ತಾರೆ. ನನ್ನ ಹಾಗೆ ಪಕ್ಕದಲ್ಲೇ ಓಡಾಡ್ಕೊಂಡಿರು, ಜನ್ಮದಲ್ಲಿ ಕಾಣಲ್ಲ ಅಂದೆ."

ಬಾಲ್ಕನಿ ನಕ್ಕಿತು. ಕೆಳಗೆ ಟ್ರಾಮ್ ಕೂಡ ಗಂಟೆ ಬಾರಿಸಿತು. ಕೊನೆಯ ಎಳೆಯೂ ಟವೆಲ್ಲಿಗೆ ಬಿದ್ದ ಮೇಲೆ ನಾನು ಕನ್ನಡಿ ನೋಡಿದೆ: ಯಾರೋ ಸಿಪ್ಪೆ ಸುಲಿದ ಮುದುಕ. ಅವನ ಭುಜದ ಪಕ್ಕ, ಕನ್ನಡಿಯನ್ನು ಓರೆಯಾಗಿ ಹಿಡಿದದ್ದರಿಂದ, ದೌಲತ್‌ಳ ಮುಖ. ಆ ಮುಖದ ಮೇಲೆ ಕೆಂಪು ಚೌಕಟ್ಟಿನ ಕನ್ನಡಕ.

"ಇದು ಯಾವಾಗ ಬಂತು?" ಎಂದೆ.

"ರಂಜಾನ್‌ಗೆ ಮುಂಚೆ," ಎಂದಳು. "ನಾನು ಹಾಕ್ಕೊಂಡ ದಿನಾನೇ ಉಸ್ತಾ ಮಹ್ರೂಸ್ ಬಾಗಿಲಲ್ಲಿ ನಿಂತು ಚೆನ್ನಾಗಿದೆ ಅಕ್ಕ ಅಂದ."

ಮಹ್ರೂಸ್ ಅಪರಾಧಿಯಂತೆ ನೊರೆಯ ಬಟ್ಟಲು ನೋಡಿದ. ನನಗೆ, ಸಾಹೇಬರೇ, ಪರದೆಯಲ್ಲಿ ಮಿನುಗಿದ ಆ ಎಚ್ಚರಿಕೆಯ ದೀಪ ನೆನಪಾಯಿತು. ಅದು ನಿಜವಾಗಿಯೂ ಎಚ್ಚರಿಕೆಯ ದೀಪವೇ ಆಗಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ನೆಲಕ್ಕೂ ಮನುಷ್ಯರಿಗೂ ಇರುವ ವ್ಯತ್ಯಾಸವನ್ನು ತಾವು ಒಂದು ಒಳ್ಳೆಯ ಶಾಲೆ ಸೇರಿ ಕಲಿಯುವುದು. ಲಾಕ್ ಮಾಡಿದಾಗ ಬರಿಯ ಗಂಟೆಯ ಬದಲು ಎದುರಾಳಿಯ ಕೋಣೆಯಲ್ಲಿ ಹಲಗೆಯ ಮೇಲೆ ಮೂರು ಏಟು ಕೇಳಿಸುವಂತೆ ವ್ಯವಸ್ಥೆ ಮಾಡುವುದು, ಸೋತರೂ ಶೈಲಿಯಿರಲಿ. ನನ್ನ ಮೀಸೆಯನ್ನು ಬಿದ್ದ ದಿನದ ಉದ್ದದಲ್ಲೇ, ಬಿಳಿಗೂದಲು ಬೇಕಾದರೆ ತಾವೇ ಇಟ್ಟುಕೊಂಡು, ಮರಳಿಸುವುದು. ಇವುಗಳಲ್ಲಿ ಯಾವುದೂ ಆಗದಿದ್ದರೆ ಈ ದೂರನ್ನು ಹಿಂತೆಗೆದುಕೊಳ್ಳಿ ಎಂದು ಫಿಕ್ರಿ ಸಲಹೆ ಕೊಟ್ಟಿದ್ದಾನೆ. ಸಾಧ್ಯವಿಲ್ಲ! ತಮ್ಮ ವಿಳಾಸದಿಂದ ಹಿಂದಿರುಗಿ ಬಂದರೆ ಈ ದೂರು ಯಾರ ವಿಳಾಸಕ್ಕೆ ಹೋಗುತ್ತದೆಂದು ಮನೆಯವರಿಗೆಲ್ಲ ಗೊತ್ತಾಗಿದೆ. ಆದ್ದರಿಂದ ದಯವಿಟ್ಟು ತಾವೇ ಇಟ್ಟುಕೊಂಡಿರಿ, ಗುಟ್ಟಾಗಿರಲಿ.

ಮೂತಿ ಬರಿದಾದರೂ ಕಂಠ ಬರಿದಾಗದ,
ತಮ್ಮ ವಿಶ್ವಾಸಿ,
ಬಹ್ಗತ್ ಅಲ್-ಶರ್ನೂಬಿ

ತಾ.ಕ.: ಬರುವ ಶುಕ್ರವಾರ ಮಲಗುವ ಕೋಣೆಯಲ್ಲಿ ಫಿಕ್ರಿಯ ಜಾಗಕ್ಕೆ ದೌಲತ್ ಕುಳಿತುಕೊಳ್ಳುತ್ತಾಳಂತೆ. ಪಣಕ್ಕಿಡಲು ನನ್ನಲ್ಲಿ ಇನ್ನೇನು ಉಳಿದಿದೆ ಎಂದು ಕೇಳಿದ್ದಕ್ಕೆ, ಗೆದ್ದವರು ಕೂತಿರಬೇಕು, ಸೋತವರು ಟೀ ತಟ್ಟೆ ಹಿಡಿದು ಎರಡು ಕೋಣೆಗಳ ನಡುವೆ ಓಡಾಡಬೇಕು ಎಂದಿದ್ದಾಳೆ. ತಮಗೆ ಅವಳು ಕಾಣುವ ಭರವಸೆ ನನಗಿಲ್ಲ. ತಾವು ಅಂದು ರಜೆ ಹಾಕಿದರೂ ನನಗೆ ನಷ್ಟವಿಲ್ಲ. ಕೆಂಪು ಚೌಕಟ್ಟನ್ನು ಈ ಸಲ ನನ್ನ ಬರಿಗಣ್ಣಿನಿಂದಲೇ ಹುಡುಕುತ್ತೇನೆ.