ಬಿಸಿಲೂರಿನಲ್ಲಿ ವಿಟಮಿನ್ ಡಿ ಕೊರತೆ

ಚರ್ಚಾಸ್ಪರ್ಧೆಯಲ್ಲಿ ನಾಲ್ಕು ಬಹುಮಾನ ಗೆದ್ದವರನ್ನು ಯಾರೂ ದವಾಖಾನೆಗೆ ಜೊತೆಗೆ ಕರೆದೊಯ್ಯಬಾರದು. ಕಾಯಿಲೆ ಯಾರದೇ ಇರಲಿ, ಮಾತಾಡುವವರು ಅವರೇ. ಅನುಭವದಿಂದ ಹೇಳುತ್ತಿದ್ದೇನೆ, ಆ ಬಹುಮಾನಗಳು ನನ್ನವು.

ನನ್ನ ಅಪ್ಪ ಇಳಕಲ್ಲಿನಲ್ಲಿ ಸೀರೆ ನೇಯುವವ. ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಏಳುವುದು ಹೊತ್ತು ಮುಳುಗಿದ ಮೇಲೆಯೇ. ಒಂದು ವರ್ಷದಿಂದ ಅವನ ಬಲಗಾಲಿನ ಎಲುಬು ದಪ್ಪವಾಗಿ, ಬಿಲ್ಲಿನಂತೆ ಬಾಗಿ, ಮುಟ್ಟಿದರೆ ಬಿಸಿ. ಮಗ್ಗ ತುಳಿಯುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ಬಾಗಲಕೋಟೆಯ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಪ್ಯಾಜೆಟ್ ಕಾಯಿಲೆ ಎಂದರು. "ಎಲುಬು ತನ್ನಷ್ಟಕ್ಕ ತಾನ ಬಿಚ್ಚತೈತ್ರಿ, ಮತ್ತ ಅವಸರದಾಗ ಅಡ್ಡಾದಿಡ್ಡಿ ನೇಯತೈತಿ." ಅಪ್ಪನಿಗೆ ತಕ್ಷಣ ತಿಳಿಯಿತು. ಬಿಚ್ಚುವುದನ್ನು ತಡೆಯಲು ಸಲೈನಿನಲ್ಲಿ ಕೊಡುವ ಔಷಧಿ ಇದೆಯಂತೆ. ಆದರೆ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ, ಮೊದಲು ಅದು ತುಂಬಲಿ ಎಂದರು.

ನಾನು ಎದ್ದು ನಿಂತೆ, ಅಭ್ಯಾಸಬಲ. ಬಂಡೆ ಬಿರಿಯುವಂಥ ಬಿಸಿಲಿನ ಜಿಲ್ಲೆಯಲ್ಲಿ ಬಿಸಿಲಿನ ವಿಟಮಿನ್ನೇ ಕಡಿಮೆಯೆಂಬುದು ಔಷಧಿ ಅಂಗಡಿಯವರ ಪಿತೂರಿ ಎಂದು ಪ್ರತಿಪಾದಿಸಿ, ಸಲೈನ್ ಇವತ್ತೇ ಹಚ್ಚಬೇಕೆಂದು ಪಟ್ಟು ಹಿಡಿದೆ. ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆಯಲು ಮೇಜಿನ ಗಂಟೆ ಬಾರಿಸಿದರು. ನಾನು, "ಇಷ್ಟು ಹೇಳಿ ನನ್ನ ವಾದ ಮುಗಿಸುತ್ತೇನೆ" ಎಂದುಬಿಟ್ಟೆ. ಒಳಬಂದ ರೋಗಿ ನಾನೇ ಡಾಕ್ಟರೆಂದು ತಿಳಿದು ನನಗೇ ನಮಸ್ಕರಿಸಿದ.

ಮಗಳನ್ನು ತಂಗಿ ಎಂದೇ ಕರೆಯುವ ಅಪ್ಪ ಮೆಲ್ಲಗೆ ಅಂದ: "ತಂಗಿ, ಸೂರ್ಯ ಊರಾಗ ಅದಾನ, ಖರೆ. ನಾ ಕುಣ್ಯಾಗ ಇರ್ತೇನಲ್ಲ?"

ನಾನು ಕೂತೆ. ವಿಟಮಿನ್ ತುಂಬದೆ ಆ ಔಷಧಿ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಇಳಿದು ಕೈಬೆರಳು ಸೆಟೆದುಕೊಳ್ಳಬಹುದು ಎಂದರು ಡಾಕ್ಟರಮ್ಮ. ಅಪ್ಪ ತನ್ನ ಬೆರಳು ನೋಡಿಕೊಂಡ. ಹರಿದ ಎಳೆಯನ್ನು ಗುರುತು ಸಿಗದಂತೆ ಕೂಡಿಸುವ ಬೆರಳು. ಒಂದು ವೇಳೆ ನನ್ನ ವಾದವೇ ಗೆದ್ದಿದ್ದರೆ?

ವಾರಕ್ಕೊಮ್ಮೆ ಹಾಲಿನಲ್ಲಿ ವಿಟಮಿನ್ ಪುಡಿ, ದಿನಾ ಕ್ಯಾಲ್ಸಿಯಂ ಗುಳಿಗೆ. ಎರಡು ತಿಂಗಳ ಮೇಲೆ ಸಲೈನ್. ಈಗ ಕಾಲಿನ ಬಿಸಿ, ನೋವು ಇಳಿದಿವೆ. ಬಾಗಿದ್ದು ಮಾತ್ರ ಬಾಗಿಯೇ ಇದೆ.

ಸಲೈನಿನ ದಿನ ಡಾಕ್ಟರಮ್ಮ ನನ್ನ ರಕ್ತವನ್ನೂ ತೆಗೆಸಿದ್ದರು. ಮುಂದಿನ ಸಲ ಹೋದಾಗ ಫಲಿತಾಂಶ ಬಂತು: ನನ್ನ ವಿಟಮಿನ್ ಡಿ ಅಪ್ಪನ ಮೊದಲ ಅಂಕಿಗಿಂತಲೂ ಕಡಿಮೆ. ಮರಳುವಾಗ ಹುನಗುಂದದ ಬಸ್ಸಿನಲ್ಲಿ ನಾನು ಎಂದಿನಂತೆ ನೆರಳಿನ ಸೀಟಿಗೆ ಜಗಳ ತೆಗೆದಿದ್ದೆ. ಅಪ್ಪ ಬಿಸಿಲ ಕಡೆಯ ಸೀಟು ತೋರಿಸಿದ. ಗಾಜಿನೊಳಗಿಂದ ಬರುವ ಬಿಸಿಲಿಗೆ ವಿಟಮಿನ್ ಆಗುವುದಿಲ್ಲವೆಂದು ವಾದಿಸಿದೆ. ಅವನು ಗಾಜು ಸರಿಸಿದ.

ಹುನಗುಂದದವರೆಗೂ ಬಾಯಿ ಮುಚ್ಚಿಕೊಂಡು ಬಂದೆ. ಸೋತೆನೆಂದಲ್ಲ, ಧೂಳು ಬರುತ್ತಿತ್ತು.