ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ಮೀನು?

ಓದಿದವನು ಕಣ್ಣಿಗೆ ಬಿದ್ದರೆ ಸಾಕು, ಯಾವ ಪ್ರಶ್ನೆಯನ್ನಾದರೂ ಅವನ ಮುಂದಿಟ್ಟು ಉತ್ತರ ಕೇಳುವ ಕೆಟ್ಟ ಪದ್ಧತಿ ನಮ್ಮ ಹುಮನಾಬಾದಿನಲ್ಲಿದೆ. ನಾನು ಹೈದರಾಬಾದಿನ ಕಾಲೇಜಿನಲ್ಲಿ ವಿಜ್ಞಾನ ಓದಿ ಬಂದು ಇಲ್ಲಿಯ ಶಾಲೆಯಲ್ಲಿ ಮಾಸ್ತರನಾದವನು. ಎಮ್ಮೆ ಹಾಲು ಕಡಿಮೆ ಮಾಡಿದರೂ ನನ್ನನ್ನೇ ಕೇಳುತ್ತಾರೆ, ಗಡಿಯಾರ ನಿಂತರೂ ನನ್ನನ್ನೇ ಕೇಳುತ್ತಾರೆ. ಎರಡಕ್ಕೂ ನಾನು ಧೈರ್ಯವಾಗಿ ಉತ್ತರ ಹೇಳಿದ್ದೇನೆ. ಎಮ್ಮೆಯೂ ಗಡಿಯಾರವೂ ತಮಗೆ ತಿಳಿದಂತೆ ನಡೆದುಕೊಂಡಿವೆ. ಆದರೆ ಈಚೆಗೆ ನನ್ನ ಮನೆಯಲ್ಲೇ ಹುಟ್ಟಿದ ಒಂದು ಪ್ರಶ್ನೆ ನನಗೆ ಅನ್ನ ಸೇರದಂತೆ ಮಾಡಿದೆ. ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ಮೀನು ಇರಬೇಕು?

ಪೆಟ್ಟಿಗೆ ಮೊದಲು ಒಂದು ಮಿಠಾಯಿ ಅಂಗಡಿಯದು. ಹೋದ ವರ್ಷದ ಗಲಾಟೆಯಲ್ಲಿ ಅಂಗಡಿ ಮುಚ್ಚಿತು. ಪಕ್ಕದ ಮನೆಯ ಮೆಹಬೂಬ ಸಾಹೇಬರು ತಗಡಿನ ಡಬ್ಬಿ, ಲಾಟೀನು ಮಾಡುವವರು. ಅವರೇ ಪೆಟ್ಟಿಗೆಯ ಸಂದುಗಳನ್ನು ಮುಚ್ಚಿ ನೀರು ನಿಲ್ಲುವಂತೆ ಮಾಡಿಕೊಟ್ಟರು. ಇದೆಲ್ಲ ನಮ್ಮ ಅತ್ತೆಯವರಿಗಾಗಿ. ಕಲ್ಯಾಣದ ತಮ್ಮ ಮನೆ ಬಿಟ್ಟು ನಮ್ಮಲ್ಲಿಗೆ ಬಂದ ಮೇಲೆ ಅವರು ಮಾತು ನಿಲ್ಲಿಸಿದ್ದರು. ದಿನವಿಡೀ ಗೋಡೆ ನೋಡುವ ಬದಲು ಅಲುಗಾಡುವ ಏನನ್ನಾದರೂ ನೋಡಲಿ ಎಂದು ನಾನು ಹೂಡಿದ ಉಪಾಯ ಅದು. ಸಾಹೇಬರು ಕಲ್ಯಾಣದ ಸಂತೆಗೆ ಲಾಟೀನು ಮಾರಲು ಹೋದವರು ತ್ರಿಪುರಾಂತ ಕೆರೆಯಿಂದ ಮೂರು ಸಣ್ಣ ಮೀನು ತಂದರು. ಅತ್ತೆ ಅಂದೇ ಬಾಯಿಬಿಟ್ಟರು: "ಇವಕ್ಕ ತಿನ್ನಾಕ ಏನ್ ಹಾಕ್ತೀರಿ?"

ನಮ್ಮದು ಮೀನು ಮುಟ್ಟದ ಮನೆ. ಓಣಿಯ ಹೆಂಗಸರು ಕಿಟಕಿಯಲ್ಲಿ ಇಣುಕಿ ನನ್ನ ಹೆಂಡತಿಯನ್ನು ಕೇಳಿದರು, "ದೊಡ್ಡವಾದ ಮ್ಯಾಲ ಕೊಯ್ತೀರೇನ್ರಿ ಅಕ್ಕಾ?"

"ಇಲ್ರೀ, ನಮ್ಮ ಮಾಸ್ತರ್ ಅವಕ್ಕ ಪಾಠ ಹೇಳ್ತಾರ," ಎಂದಳು ಅವಳು. "ಸಾಲ್ಯಾಗಿನ ಹುಡುಗರಕ್ಕಿಂತ ಇವೇ ಛಲೋ ಕೇಳ್ತಾವಂತ."

ತೊಂದರೆ ಆಮೇಲೆ ಶುರುವಾಯಿತು. ಪ್ರತಿ ಸಂತೆಗೂ ಸಾಹೇಬರು ಡಬ್ಬಿಯಲ್ಲಿ ಒಂದೋ ಎರಡೋ ಮೀನು ತರುವರು, ಅತ್ತೆ ಎರಡೂ ಕೈ ಚಾಚಿ ಇಸಿದುಕೊಳ್ಳುವರು. ಮೂರು ಐದಾಯಿತು, ಐದು ಎಂಟಾಯಿತು. ನಾನು ತಡೆದೆ.

"ಮಾಸ್ತರ್ ಸಾಬ್, ಒಳಗ ನೋಡ್ರಿ, ಮೈದಾನ ಬಿದ್ದದ. ಇನ್ನೂ ಹತ್ತ ಹಿಡೀತಾವ."

"ಜಾಗದ ಮಾತಲ್ಲ ಸಾಹೇಬ್ರ, ಉಸಿರಿನ ಮಾತು. ನೀರು ಎಷ್ಟು ಆಳ ಇದ್ದರೇನು, ಗಾಳಿ ಸೇರೋದು ಮ್ಯಾಲಿನಿಂದ."

"ಮೀನಕ್ಕ ಉಸಿರ್ ಏನ್ರಿ? ಅವೇನ್ ತಳದಾಗ ಕುಂತು ಹುಕ್ಕಾ ಸೇದಾಕತ್ತಾವ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಬಂದದ್ದಕ್ಕ ಜಾಗ ಇಲ್ಲ ಅಂತ ನಾ ಹ್ಯಾಂಗ ಅನ್ನಲಿ?" ಎಂದರು.

ಇದೇ ಮಾತನ್ನು ನಾನು ಕಲ್ಯಾಣದಲ್ಲಿ, ಅವರ ಮನೆಯ ಹಗೇವಿನ ಬಾಯಿಯಲ್ಲಿ ಕೇಳಿದ್ದೆ. ಹಗೇವೆಂದರೆ ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ ನೆಲದೊಳಗಿನ ಗೂಡು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಅದರ ಮೇಲೊಂದು ಚಪ್ಪಡಿ. ಹೋದ ವರ್ಷದ ಅದೇ ಗಲಾಟೆಯಲ್ಲಿ, ನಾವು ಅಲ್ಲಿಗೆ ಹೋಗಿದ್ದಾಗ, ಊರೂರು ಲೂಟಿ ಮಾಡುವ ಬಂದೂಕಿನವರು ಕುದುರೆಯ ಮೇಲೆ ಓಣಿ ಓಣಿ ನುಗ್ಗುತ್ತಿದ್ದಾರೆಂಬ ಸುದ್ದಿ ಬಂತು. ಮಾವನವರು ಖಾಲಿ ಹಗೇವಿನ ಬಾಯಿ ತೆರೆದು, ಹಗ್ಗ ಕಟ್ಟಿದ ಲಾಟೀನು ಇಳಿಬಿಟ್ಟು ನೋಡಿದರು. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರಲಿಲ್ಲ. ಮನೆಯ ಹೆಂಗಸರು ಮಕ್ಕಳು ಇಳಿಯಲಿ ಎಂದರು. ಆದರೆ ಗೋಡೆ ಹಾರಿ ನೆರೆಯವರೂ ಬಂದರು, ಅವರ ನೆರೆಯವರೂ ಬಂದರು. ಅತ್ತೆ ಹಗೇವಿನ ಬಾಯಲ್ಲಿ ಕುಳಿತು ಒಬ್ಬೊಬ್ಬರಿಗೂ ಕೈ ಕೊಟ್ಟರು. "ಇಳೀರಿ, ಇಳೀರಿ. ಜಾಗ ಇಲ್ಲ ಅಂತ ಹ್ಯಾಂಗ ಅನ್ನಲಿ?" ಅವರ ಅಕ್ಕ ಎಲ್ಲರಿಗಿಂತ ಹಿರಿಯರು. ಹಿರಿಯರಿಗೆ ಒಳ್ಳೆಯ ಜಾಗವೆಂದು, ಯಾರ ಕಾಲೂ ತಾಗದ ಹಾಗೆ, ಎಲ್ಲಕ್ಕಿಂತ ತಳದಲ್ಲಿ ಕೌದಿ ಹಾಸಿ ಮಲಗಿಸಿದರು.

ಮಾವ ಚಪ್ಪಡಿ ಮುಚ್ಚಿ ಮೇವು ಹರಡಿದರು. ಬಂದೂಕಿನವರು ಬಂದು ಮನೆ ಖಾಲಿ ಇದ್ದದ್ದು ನೋಡಿ ಊಟ ಕೇಳಿದರು. ಕುಳಿತದ್ದು ಎಲ್ಲಿ? ಮೆತ್ತಗಿದೆಯೆಂದು ಅದೇ ಮೇವಿನ ಮೇಲೆ. ಒಳಗೆ ನಮಗೆ ರೊಟ್ಟಿ ಮುರಿಯುವ ಸದ್ದೂ ಕೇಳುತ್ತಿತ್ತು. "ಕಾಕಾ, ಬ್ಯಾಳಿ ಭಾರೀ ಆಗ್ಯಾದ, ಇನ್ನಷ್ಟು ಹಾಕು!" ಉಣ್ಣಲು ಕುಳಿತವರನ್ನು ಏಳಿ ಎನ್ನುವ ರೂಢಿ ನಮ್ಮ ಕಡೆ ಇಲ್ಲ, ಉಣ್ಣುವವರ ತೊಡೆಯ ಮೇಲೆ ಬಂದೂಕಿದ್ದರೆ ಕೇಳಲೇಬೇಡಿ. ಜೀವಮಾನವೆಲ್ಲ ಬಂದವರಿಗೆ ಇನ್ನೊಂದು ರೊಟ್ಟಿ ಒತ್ತಾಯ ಮಾಡಿದ ನನ್ನ ಮಾವ "ಸಾಕಾತೇನ್ರಿ?" ಎಂದು ಮನಸ್ಸಿಟ್ಟು ಕೇಳಿದ್ದು ಅದೊಂದೇ ಸಲ. ಅವರು ಅದನ್ನು ಉಪಚಾರವೆಂದು ತಿಳಿದು ಮತ್ತೊಂದು ರೊಟ್ಟಿ ತೆಗೆದುಕೊಂಡರು.

ಒಳಗೆ ಲಾಟೀನಿನ ಉರಿ ಇಳಿಯುತ್ತ ಇಳಿಯುತ್ತ ಜೋಳದ ಕಾಳಿನಷ್ಟಾಯಿತು. ಚಪ್ಪಡಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಎಲ್ಲರ ಮುಖವೂ ಅತ್ತ ತಿರುಗಿತ್ತು, ಎಲ್ಲರ ಬಾಯಿಯೂ ತೆರೆದಿತ್ತು. ಮಕ್ಕಳು ಅಳಲಿಲ್ಲ, ಅಳುವುದಕ್ಕೂ ಗಾಳಿ ಬೇಕಲ್ಲ. ಮೇಲೆ ಕುಳಿತವರು ಕೈ ತೊಳೆದು ಎದ್ದು ಹೋದ ಮೇಲೆ ಚಪ್ಪಡಿ ಸರಿಯಿತು. ಒಬ್ಬರ ಮೇಲೊಬ್ಬರು ಹತ್ತಿ ಬಂದೆವು. "ಅಕ್ಕಾ, ಏಳು, ಹ್ವಾದ್ರು ಅವ್ರು," ಎಂದು ಅತ್ತೆ ಕೆಳಗೆ ಬಗ್ಗಿ ಕರೆಯುತ್ತಲೇ ಇದ್ದರು. ಕೆಟ್ಟ ಗಾಳಿ ಭಾರ, ತಳಕ್ಕೆ ಇಳಿಯುತ್ತದೆ. ಕೌದಿಯ ಮೇಲೆ ಆಕೆ ಬಹಳ ಹಾಯಾಗಿ ಮಲಗಿದ್ದಂತೆ ಕಾಣುತ್ತಿತ್ತು.

ಇಷ್ಟು ಹೇಳಿದ ಮೇಲೆ, ಪೆಟ್ಟಿಗೆಯ ಎಂಟು ಮೀನೂ ಒಂದು ಬೆಳಿಗ್ಗೆ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ನಿಂತದ್ದನ್ನು ಕಂಡಾಗ ನಾನು ಚಹದ ಕಪ್ಪು ಬಿಟ್ಟು ಬೀದಿಗೆ ಓಡಿದ್ದೇಕೆಂದು ನಿಮಗೆ ತಿಳಿದೀತು. ಓಣಿಯವರು ಚಹ ಬಿಸಿಯಿತ್ತೆಂದು ತಿಳಿದರು. ಅಂದೇ ತೀರ್ಪು ಕೊಟ್ಟೆ: ಮೂರೇ ಮೀನು, ಉಳಿದವು ಬಾವಿಗೆ. ಅಷ್ಟರಲ್ಲಿ ಸಾಹೇಬರು ಮತ್ತೊಂದು ಡಬ್ಬಿ ಹಿಡಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಇಲ್ಲ. ಜಾಗ ಇಲ್ಲ!" ಶಾಲೆಯಲ್ಲೂ ಅಷ್ಟು ಜೋರಾಗಿ ಕೂಗಿದವನಲ್ಲ.

ಅತ್ತೆ ಎದ್ದು ಬಂದರು. ಸಿಟ್ಟಿರಲಿಲ್ಲ.

"ಅಳಿಯಂದಿರ, ಆವತ್ತ ಎಲ್ಲಾರ್ಗಿಂತ ಕಡೀಕ ಊರ ಅಗಸಿ ಬಾಗಿಲಿಂದ ಓಡಿ ಬಂದವ್ರು ನೀವೇ. ನಿಮ್ಮ ಮಾವ ಸಾಕು, ಮುಚ್ತೀನಿ ಅಂದಿದ್ರು. ನಾ ಚಪ್ಪಡಿ ಹಿಡಕೊಂಡೆ." ಸಾಹೇಬರ ಡಬ್ಬಿಯೊಳಗೆ ಇಣುಕಿ ನೋಡಿದರು. "ಎಣಿಸಿದ್ರ ನಮ್ಮಕ್ಕ ಇರ್ತಿದ್ಲೋ ಏನೋ. ನೀವು ಇರ್ತಿರಲಿಲ್ಲ. ಯಾವ ಲೆಕ್ಕ ಖರೇ ಅಂತ ಹೇಳ್ರಿ, ನೀವ್ ಓದಿದವ್ರು."

ನಾನು ಸಾಹೇಬರ ಕೈಯಿಂದ ಡಬ್ಬಿ ಇಸಿದುಕೊಂಡೆ.

ಈಗ ಒಳಗೆ ಒಂಬತ್ತಿವೆ. ಶಾಲೆಯಿಂದ ಬಂದವನೇ ಅಂಗಿ ಕಳಚಿ, ತಂಬಿಗೆಯಲ್ಲಿ ಪೆಟ್ಟಿಗೆಯ ನೀರು ಮೊಗೆದು ಎತ್ತರದಿಂದ ಮತ್ತೆ ಅದಕ್ಕೇ ಸುರಿಯುತ್ತ ಕೂಡುತ್ತೇನೆ. ಮಾಸ್ತರರು ಮೀನಿಗೆ ಅಭಿಷೇಕ ಹಿಡಿದಿದ್ದಾರೆಂದು ಊರೆಲ್ಲ ಸುದ್ದಿ. ಎತ್ತರದಿಂದ ಬೀಳುವ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ, ಇದು ವಿಜ್ಞಾನ. ಆದರೆ ಸುರಿದು ಮುಗಿಯುವವರೆಗೆ ನಾನು ಉಸಿರೇ ಆಡುವುದಿಲ್ಲವೆಂದು ಹೆಂಡತಿ ಹೇಳುತ್ತಾಳೆ. ಇದಕ್ಕೆ ಕಾಲೇಜಿನಲ್ಲಿ ಯಾವ ಕಾರಣವನ್ನೂ ಕಲಿಸಿರಲಿಲ್ಲ.