ಲೇಹೆಲನ ಎರಡು ತೋಳು

ಲೇಹೆಲ್ ತನ್ನ ಚರ್ಮವನ್ನೇ ಪಣಕ್ಕಿಟ್ಟು ಪ್ರಯೋಗಾಲಯದಲ್ಲಿ ಕುಳಿತಿದ್ದ. ಚರ್ಮದಡಿಯ ಕಾವಲು ಕೋಶಗಳ ಮೇಲೆ ಕರೆಗಂಟೆಯಂಥ ಗ್ರಾಹಕಗಳಿರುತ್ತವೆ. ಅವನ್ನು ಒತ್ತಿದರೆ ಸಾಕು, ತುರಿಕೆ, ಬಾವು, ರಾದ್ಧಾಂತ. ಆ ಗಂಟೆಯ ಬಾಯಿ ಮುಚ್ಚಿಸುವ ಮುಲಾಮು ತನ್ನ ಬಳಿಯಿದೆಯೆಂದು ಅವನ ವಾದ. ಎಡತೋಳಿಗೆ ಮಾತ್ರ ಮುಲಾಮು ಸವರಿ, ಎರಡೂ ತೋಳಿಗೆ ತುರಿಕೆ ಬರಿಸುವ ಮದ್ದು ಚುಚ್ಚಿಕೊಂಡ. ಪ್ರೊಫೆಸರ್ ವಾರ್ಕೊನ್ಯಿ ಊಟ ಮುಗಿಸಿ ಬಂದಾಗ ಬಲತೋಳು ಊದಿ ಎಡತೋಳು ತಣ್ಣಗಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಸೆಗೆಡ್ ನಗರ ಬಿಟ್ಟು ಅಪ್ಪನ ಮೆಣಸಿನಪುಡಿ ಗಿರಣಿಗೆ ವಾಪಸ್ಸು.

ಹಾಳಾದ್ದು, ಅವತ್ತೇ ಅವನ ಹೆಸರಿನ ಹಬ್ಬ, ಕ್ಯಾಲೆಂಡರಿನಲ್ಲಿ ಆ ಹೆಸರಿನವರಿಗೆಲ್ಲ ಮೀಸಲಾದ ದಿನ. ಸಹೋದ್ಯೋಗಿ ಜೋಂಬೋರ್ ಪ್ಲಮ್ ಸಾರಾಯಿ ಹಿಡಿದು ಬಂದ.

"ಇವತ್ತು ಬೇಡ ಕಣೋ, ಪ್ರಯೋಗ ಇದೆ."

"ಹೆಸರಿನ ಹಬ್ಬದ ದಿನ ಬೇಡ ಅಂತಾರೇನೋ? ಕುಡಿಯೋದು ಬಾಯಿ, ತೋಳಲ್ಲವಲ್ಲ!"

ಕುಡಿದ. ಕಿಟಕಿಯಾಚೆ ಲಿಂಡನ್ ಹೂವಿನ ಘಮ. ಕಣ್ಣು ತಾನಾಗಿ ಮುಚ್ಚಿತು.

ಕನಸಿನಲ್ಲಿ ಅವನು ತನ್ನದೇ ಚರ್ಮದೊಳಗೆ ಬರಿಗಾಲಲ್ಲಿ ನಡೆಯುತ್ತಿದ್ದ. ಅದು ತಿಸಾ ನದಿಯ ದಂಡೆಯ ಒಂದು ಊರು. ಬಾಗಿಲು ಬಾಗಿಲಿಗೂ ತೂಕಡಿಸುವ ಕಾವಲುಗಾರ, ತಲೆಯ ಮೇಲೊಂದು ಗಂಟೆ. ಲೇಹೆಲ್ ಒಂದೊಂದು ಗಂಟೆಯ ನಾಲಿಗೆಗೂ ಮೆಲ್ಲಗೆ ಹತ್ತಿಬಟ್ಟೆ ಸುತ್ತುತ್ತಾ ಹೋದ. ಆದರೂ ಎಲ್ಲೋ ಗಂಟೆ ಹೊಡೆಯಿತು, ಊರೆಲ್ಲ ಕೆಂಪಾಯಿತು. ಅಷ್ಟರಲ್ಲಿ ಆಕಾಶದಿಂದ ದಪ್ಪನೆಯ ತಂಪು ಹಿಮ ಬಿತ್ತು. ಆಹಾ, ಎಂಥ ಸುಖ!

ಕಣ್ಣು ಬಿಟ್ಟರೆ ಬಾಗಿಲು ಕಾಯುವ ಎತೆಲ್ಕಾ ಚಿಕ್ಕಮ್ಮ ಅವನ ಕೈ ಒರೆಸುತ್ತಿದ್ದಳು.

"ಹಬ್ಬ ಅಂತ ಆಲೂಗಡ್ಡೆ ಪಲ್ಯ, ಹುಳಿ ಕೆನೆ ತಂದೆ ಕಣಪ್ಪ. ನೋಡಿದ್ರೆ ತೋಳು ಕೆಂಪಗೆ ಊದಿತ್ತು. ಬಿಸಿಲಿಗೆ ಸುಟ್ಟಾಗ ಹಚ್ಚಲ್ವಾ, ಹಂಗೇ ಕೆನೆ ಹಚ್ಚಿದೆ. ಈಗ ನೋಡು, ಮಗುವಿನ ತೋಳು!"

"ಅಯ್ಯೋ, ನನ್ನ ಕೆಲಸಕ್ಕೇ ಕಲ್ಲು ಹಾಕಿದ್ರಲ್ಲ!"

ಅದೇ ಹೊತ್ತಿಗೆ ಪ್ರೊಫೆಸರ್ ಬಂದರು. ಎರಡೂ ತೋಳು ತಣ್ಣಗಿದ್ದವು.

ಲೇಹೆಲ್ ಅಳು ನುಂಗಿ ಹೇಳಿದ: "ಸರ್, ಎಡತೋಳು ನೋಡಿ, ಮುಲಾಮು ಕೆಲಸ ಮಾಡಿದೆ! ಬಲತೋಳು ಊದಿದ್ದನ್ನ ಈ ಮಹಾತಾಯಿ ಕೆನೆ ಹಚ್ಚಿ ಇಳಿಸಿಬಿಟ್ರು."

ಪ್ರೊಫೆಸರರ ಮನಸ್ಸು ಕರಗಿತು. "ಪಾಪ, ನಿನ್ನ ತಪ್ಪೇನಿದೆ?" ಎಂದು ಕೆಲಸದ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು.

ಎತೆಲ್ಕಾ ಚಿಕ್ಕಮ್ಮನಿಗೆ ರೇಗಿತು. "ನನ್ನ ಮೇಲ್ಯಾಕೆ ಹಾಕ್ತೀಯ? ಬಲತೋಳು ಒಂದೇನಾ? ಎರಡೂ ಊದಿತ್ತು! ಅದರಲ್ಲೂ ಎಡತೋಳು, ಒಲೆ ಪಕ್ಕ ಇಟ್ಟ ಬ್ರೆಡ್ ಹಿಟ್ಟಿನ ಹಂಗೆ ಉಬ್ಬಿತ್ತು. ಅದಕ್ಕೇ ಮೊದಲು ಹಚ್ಚಿದ್ದು!"

ಪೆನ್ನು ಜೇಬಿಗೆ ಮರಳಿತು. ಲೇಹೆಲನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪ್ರೊಫೆಸರ್ ಮೆಲ್ಲಗೆ ತಮ್ಮ ಅಂಗಿಯ ತೋಳು ಮಡಚಿದರು. ನಿನ್ನೆ ನದಿಯಲ್ಲಿ ಮೀನು ಹಿಡಿಯುವಾಗ ಸೊಳ್ಳೆ ಕಚ್ಚಿದ ದದ್ದುಗಳು ಮೊಣಕೈತನಕ ಇದ್ದವು.

"ಎತೆಲ್ಕಮ್ಮಾ, ಆ ಕೆನೆ ಇನ್ನೂ ಇದೆಯಾ?"

"ಒಂದು ಚಮಚ ಇದೆ ಸಾರ್, ಲೇಹೆಲ್ ಊಟಕ್ಕೆ ಅಂತ ಇಟ್ಟಿದೀನಿ."

"ಅವನು ಪಲ್ಯ ತಿನ್ನಲಿ. ಅದನ್ನ ಇಲ್ಲಿ ಕೊಡಿ."